ಲಾರಿಗೆ ಎರೆದ ಹಾಡು

ನನ್ನ ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ದಾವಣಗೆರೆಯ ವಿನೋಬನಗರದ ತವರುಮನೆಗೆ ಬಂದಿದ್ದೆ. ಅದಕ್ಕೆ ಮೊದಲು ಎಂಟು ವರ್ಷ ಊರಿನ ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಮದುವೆಯ ಆರತಕ್ಷತೆ, ಗಣಪತಿ ಪೆಂಡಾಲ್, ಕಾಲೇಜಿನ ವಾರ್ಷಿಕೋತ್ಸವ, ಯಾರು ಕರೆದರೂ ಹೋಗುತ್ತಿದ್ದೆವು. ಹೊಟ್ಟೆ ಮುಂದೆ ಬಂದ ಮೇಲೂ ಸೆರಗು ಹೊದ್ದು ವೇದಿಕೆ ಹತ್ತಿದವಳು ನಾನು. ಹೆರಿಗೆಯಾದ ಮೇಲೆ ಮಾತ್ರ ಹಾಡುವ ಆಸೆ ಒಮ್ಮೆಲೇ ಬತ್ತಿಹೋಯಿತು. ಹಾಡು ಹೋಗಲಿ, ಮಾತೇ ಬೇಡವಾಗಿತ್ತು. ಕೂಸು ಅತ್ತರೆ ಎತ್ತಿಕೊಂಡು ಹಾಲು ಕುಡಿಸುತ್ತಿದ್ದೆ, ಆಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದೆ. ಯಾಕೆ ಹೀಗಿದ್ದೀಯ ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಕಾರಣವೂ ಇರಲಿಲ್ಲ. ಮನೆಯವರೆಲ್ಲ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ನಿಂತು ಅಪ್ಪನಿಗೆ ಮೆಲ್ಲಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬೀಳುತ್ತಿತ್ತು. "ಹುಡುಗಿ ಮುಖ ನೋಡಕ್ಕಾಗವಲ್ದು. ಏನು ಮಾಡಬೇಕು ತಿಳಿವಲ್ದು ನೋಡ್ರಿ."

ಕೂಸಿಗೆ ಎಣ್ಣೆ ತಿಕ್ಕಿ ಎರೆಯಲು ಅಮ್ಮ ಒಬ್ಬ ಅಜ್ಜಿಯನ್ನು ಗೊತ್ತುಮಾಡಿದ್ದರು. ಅಜ್ಜಿ ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ವಿನೋಬನಗರಕ್ಕೆ ಬಂದು, ಕೂಸಿರುವ ಮನೆಗಳಿಗೆ ಹೋಗಿ ಎರೆಯುವುದನ್ನೇ ಕೆಲಸ ಮಾಡಿಕೊಂಡಿದ್ದರು. ಬೆಳಗ್ಗೆ ಏಳರಿಂದ ಹನ್ನೊಂದರೊಳಗೆ ನಾಲ್ಕು ಮನೆ ಮುಗಿಸುತ್ತಿದ್ದರು. ನಮ್ಮದು ಎರಡನೆಯದು. ಗೇಟು ತೆಗೆದ ಸದ್ದಿನ ಹಿಂದೆಯೇ "ನೀರು ಕಾದೈತೇನ್ರಿ?" ಎಂಬ ಮಾತು ಬರುತ್ತಿತ್ತು. ಬಂದವರು ಸೀದಾ ಬಚ್ಚಲಿಗೆ ಹೋಗಿ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿ, ಮಣೆಯ ಮೇಲೆ ಕೂತು ಎರಡೂ ಕಾಲು ಚಾಚುತ್ತಿದ್ದರು. ಆ ಕಾಲುಗಳ ನಡುವೆ ಕೂಸನ್ನು ಮಲಗಿಸಿಕೊಂಡರೆ ಅದು ತೊಟ್ಟಿಲಿನಲ್ಲಿಟ್ಟ ಹಾಗೆ ಅಲ್ಲಾಡದೆ ಇರುತ್ತಿತ್ತು.

ಎಣ್ಣೆ ಮುಟ್ಟಿದ ಕೂಡಲೇ ಅವರ ಹಾಡು ಶುರು. ನಾನು ಮೊದಲ ಎರಡು ವಾರ ಅದನ್ನು ಕೋಣೆಯಿಂದಲೇ ಕೇಳಿದೆ. ದೊಡ್ಡ ಧ್ವನಿಯೇನಲ್ಲ, ಅಂಥ ಇಂಪೂ ಇಲ್ಲ. ಮೂಗಿನಲ್ಲಿ ಸ್ವಲ್ಪ, ಗಂಟಲಿನಲ್ಲಿ ಸ್ವಲ್ಪ.

ಕೈಯೆಣ್ಣಿ ಕೈಗಿರಲಿ, ಕಾಲೆಣ್ಣಿ ಕಾಲಿಗಿರಲಿ,
ನೆತ್ತೀಯ ಎಣ್ಣಿ ಒಳಗಿಳಿಲಿ, ನನ ಕೂಸೆ,
ಹೊಳಿ ಬಂತು, ಕಣ್ಣು ಮುಚ್ಚವ್ವ.

ಹೊಳೆ ಬಂತೆಂದು ಹೇಳಿದ ಮೇಲೆ ಹಾಡು ನಿಂತುಬಿಡುತ್ತಿತ್ತು. ನೀರು ಬೀಳುವ ಸದ್ದು. ಆಮೇಲೆ "ಹೊಳಿ ಹೋತು, ಕಣ್ಣು ತೆರಿಯವ್ವ" ಎಂದು ಮತ್ತೆ ಮೊದಲಿನಿಂದ. ಗಂಡುಕೂಸಾದರೆ ಮುಚ್ಚಪ್ಪ, ತೆರಿಯಪ್ಪ ಎನ್ನುತ್ತಾರಂತೆ.

ಒಂದು ದಿನ ಅಜ್ಜಿ ಬಚ್ಚಲಿನಿಂದಲೇ ನನ್ನನ್ನು ಕರೆದರು. ಹೋಗಿ ಬಾಗಿಲಲ್ಲಿ ನಿಂತೆ.

"ಕುಂತ್ಕ ಇಲ್ಲಿ," ಎಂದರು.

"ನಂಗೆ ಬರಲ್ಲಜ್ಜಿ. ನೀವೇ ಹಾಕ್ರಿ."

"ನಾ ಹಾಕ್ತೀನವ್ವ, ಅದಕ್ಕ ಬಂದೀನಿ. ಇವತ್ತು ನಿನ್ನ ಕಾಲಮ್ಯಾಲೆ ಮಲಗ್ಲಿ ಅಂತ. ಕಾಲು ಚಾಚು."

ಮಣೆಯ ಮೇಲೆ ಕೂತು ಕಾಲು ಚಾಚಿದೆ. ಎಣ್ಣೆ ಮೆತ್ತಿದ ಕೂಸನ್ನು ನನ್ನ ಕಾಲ ಮೇಲೆ ಇಟ್ಟರು. ಜಾರುತ್ತದೆಂದು ಹೆದರಿ ನಾನು ಮೈಯೆಲ್ಲ ಬಿಗಿ ಹಿಡಿದೆ. ಕೂಸಿಗೆ ಅದು ಗೊತ್ತಾಗಿ ಅಳತೊಡಗಿತು. ಅಜ್ಜಿ ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತರು.

"ನೀ ಹಾಡೋಳಂತಲ್ಲ. ಹಾಡು."

"ಇದು ನಂಗೆ ಬರಲ್ಲ."

"ದಿನಾ ಕೇಳ್ತೀಯಲ್ಲ ಗ್ವಾಡಿ ಕಡೆ ಮುಖ ಮಾಡ್ಕೊಂಡು. ಬರ್ತೈತೆ, ಹಾಡು."

ಹಾಡಿದೆ. ಐವತ್ತು ದಿನಗಳಾಗಿದ್ದವೇನೋ ನಾನು ಹಾಡಲು ಬಾಯಿ ತೆರೆದು. ಧ್ವನಿ ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟಿತು. ಮೂರನೆಯ ಸಾಲು ಮುಗಿಸಿ, ಆರ್ಕೆಸ್ಟ್ರಾದ ಅಭ್ಯಾಸದಲ್ಲಿ ನಿಲ್ಲದೆ ಮುಂದಕ್ಕೆ ಎಳೆದೆ. ಅಷ್ಟರಲ್ಲಿ ಅಜ್ಜಿ ನೀರು ಹಾಕಿದ್ದರು. ಕೂಸಿಗೆ ಕೆಮ್ಮು ಬಂತು. ಅಜ್ಜಿ ತಕ್ಷಣ ಮಗುಚಿ ಬೆನ್ನು ಸವರಿ ಸರಿಮಾಡಿದರು. ನನಗೆ ಕಣ್ಣಲ್ಲಿ ನೀರು ಬಂದಿತ್ತು.

"ಅಳಬ್ಯಾಡ. ತಿಳ್ಕ. ನೀರು ಬೀಳೋವಾಗ ಹಾಡಬಾರ್ದು. ಹಾಡಿದ್ರೆ ಕೂಸು ಕೇಳಾಕಂತ ಬಾಯಿ ತೆಗಿತೈತೆ. ನೀ ಸುಮ್ಕಾದಿ ಅಂದ್ರೆ ಅದೂ ಬಾಯಿ ಮುಚ್ಕೊಂಡು ಉಸಿರು ಹಿಡಿತೈತೆ. ಅದಕ್ಕ ಹೊಳಿ ಬಂತು ಅಂತ ಹೇಳಿ ಸುಮ್ಕಾಗಬೇಕು."

ಮರುದಿನ ಸರಿಯಾಗಿ ನಿಲ್ಲಿಸಿದೆ. ನಾನು ಸುಮ್ಮನಾದದ್ದೇ ಕೂಸು ತುಟಿ ಬಿಗಿಮಾಡಿ, ಕಣ್ಣು ಕಿರಿದು ಮಾಡಿ ಕಾಯಿತು. ಹುಟ್ಟಿ ಎರಡು ತಿಂಗಳಾಗದ ಜೀವ ನನ್ನ ಮಾತನ್ನು ನಂಬಿ ಉಸಿರು ಹಿಡಿದಿತ್ತು. ಆ ಕ್ಷಣದಲ್ಲಿ ನನಗಾದದ್ದನ್ನು ಹೇಗೆ ಬರೆಯಬೇಕೋ ಈಗಲೂ ತಿಳಿಯದು. ನೀರು ಸುರಿದು ಮುಗಿಯಿತು, ಹೊಳಿ ಹೋತು ಎಂದೆ, ಅದು ಕಣ್ಣು ತೆರೆದು ನನ್ನನ್ನೇ ನೋಡಿತು. ಅಂದಿನಿಂದ ನಾನು ಗೋಡೆ ಕಡೆ ತಿರುಗಿ ಮಲಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೂ ಒಂದೂವರೆ ತಿಂಗಳು ಹಾಗೆ ಮಲಗಿದ ದಿನಗಳಿದ್ದವು. ಆದರೆ ಬೆಳಗ್ಗೆ ಎಂಟು ಗಂಟೆಗೆ ಏಳುತ್ತಿದ್ದೆ, ಬಚ್ಚಲಿಗೆ ಹೋಗುತ್ತಿದ್ದೆ, ಹಾಡುತ್ತಿದ್ದೆ. ಉಳಿದದ್ದು ನಿಧಾನಕ್ಕೆ ಬಂತು.

ಇದೆಲ್ಲ ನಡೆದು ಹತ್ತು ವರ್ಷಗಳ ಮೇಲಾಯಿತು. ನಾನು ಆರ್ಕೆಸ್ಟ್ರಾ ಬಿಟ್ಟು ಒಂದು ಶಾಲೆಯಲ್ಲಿ ಸಂಗೀತದ ಟೀಚರ್ ಆದೆ. ಮದುವೆ ಸೀಸನ್ನಿನಲ್ಲಿ ಹಳೇ ಗೆಳೆಯರು ಕರೆದರೆ ಒಂದೆರಡು ಹಾಡು ಹಾಡಿ ಬರುತ್ತೇನೆ. ನಮ್ಮ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಒಬ್ಬ, ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದವನು, ಮೆಲ್ಲಗೆ ಸಿನಿಮಾದವರ ಜೊತೆ ಕೆಲಸ ಮಾಡುತ್ತ ಸಂಗೀತ ನಿರ್ದೇಶಕನಾದ. ಸಣ್ಣ ಸಿನಿಮಾಗಳೇ. ಆದರೂ ನಮಗೆಲ್ಲ ಹೆಮ್ಮೆ.

ಒಂದು ಭಾನುವಾರ ಅವನ ಫೋನು ಬಂತು. ನಾನು ಅಂಗಳದಲ್ಲಿ ಸ್ಕೂಟರು ತೊಳೆಯುತ್ತಿದ್ದೆ. ಸ್ಪೀಕರ್ ಹಾಕಿ ಕಟ್ಟೆಯ ಮೇಲಿಟ್ಟೆ.

"ಅಕ್ಕ, ಒಂದು ಸೀನ್ ಐತೆ. ಹೀರೋ ಲಾರಿ ಡ್ರೈವರ್ರು. ಹತ್ತು ವರ್ಷ ಬೇರೆಯೋರ ಲಾರಿ ಓಡಿಸಿ, ಈಗ ಸ್ವಂತದ್ದು ತಗೊಂಡಾನೆ, ಹಳೇದು. ಅದನ್ನ ಹೊಳಿಗೆ ಇಳಿಸಿ ತೊಳಿತಾನೆ. ಅಷ್ಟೇ ಸೀನು. ನಾಲ್ಕು ಟ್ಯೂನ್ ಕೊಟ್ಟೆ, ಡೈರೆಕ್ಟರ್ ಯಾವುದಕ್ಕೂ ಒಪ್ಪವಲ್ರು. ಕುಣಿಯೋ ಹಾಡು ಬ್ಯಾಡ ಅಂತಾರೆ, ಅಳೋ ಹಾಡೂ ಬ್ಯಾಡಂತೆ."

"ಮತ್ತೆ ಏನು ಬೇಕಂತೆ?"

"ಅದನ್ನೇ ನಿನ್ನ ಕೇಳ್ತಾ ಇರೋದು. ಆ ಲಾರಿ ಅಂದ್ರೆ ಅವನಿಗೆ ಕೂಸಿದ್ದಂಗೆ ಅಂತ ಡೈರೆಕ್ಟರ್ ಹೇಳಿದ್ರು."

ಕೂಸು ಎಂಬ ಮಾತು ಕೇಳಿದ್ದೇ ನನ್ನ ಬಾಯಿಂದ ಆ ಹಾಡು ಹೊರಟುಬಿಟ್ಟಿತು. ಮಗ್ಗಿನಲ್ಲಿ ನೀರಿತ್ತು, ಸುಮ್ಮನಾದೆ, ಸ್ಕೂಟರಿನ ಮೇಲೆ ಸುರಿದೆ. ಹೊಳಿ ಹೋತು ಎಂದು ಮತ್ತೆ ಶುರುಮಾಡಿದೆ. ನನಗೇ ನಗು ಬಂತು.

"ಅಕ್ಕ, ಅದು ಏನದು? ಇನ್ನೊಂದ್ಸಲ ಹಾಡು," ಎಂದ ಅವನು.

ಇನ್ನೊಮ್ಮೆ ಹಾಡಿದೆ. ಸಂಜೆಯೊಳಗೆ ಅವನು ಅದನ್ನು ಕೀಬೋರ್ಡಿನಲ್ಲಿ ನುಡಿಸಿ ಕಳಿಸಿದ್ದ. ಡೈರೆಕ್ಟರಿಗೆ ಹಿಡಿಸಿತಂತೆ. "ಜನಪದ ಅಲ್ಲೇನಕ್ಕ, ಹಂಗಾರೆ ಯಾರನ್ನೂ ಕೇಳೋದಿರಲ್ಲ," ಎಂದು ಬರೆದಿದ್ದ.

ನಾನು ತಿರುಗಿ ಫೋನ್ ಮಾಡಿದೆ. "ಕೇಳೋದಿರ್ತೈತೆ. ನನಗೆ ಕಲಿಸಿದವರು ಒಬ್ಬರದಾರೆ. ಅವರನ್ನ ಕೇಳದೆ ಆಗಲ್ಲ," ಎಂದೆ. ಅವನು ವಾದ ಮಾಡಲಿಲ್ಲ. ಮುಂದಿನ ವಾರವೇ ಬರುತ್ತೇನೆ ಎಂದ. ಅವನಲ್ಲಿ ನನಗೆ ಮೊದಲಿನಿಂದಲೂ ಇಷ್ಟವಾದ ಗುಣ ಅದು.

ಅಜ್ಜಿ ಆ ಹೊತ್ತಿಗೆ ವಿನೋಬನಗರ ಬಿಟ್ಟು ಹರಿಹರದಲ್ಲಿ ಮಗಳ ಮನೆಯಲ್ಲಿದ್ದರು. ಮೊಣಕಾಲು ನೋವೆಂದು ಮನೆಯಿಂದ ಮನೆಗೆ ನಡೆಯುವುದನ್ನು ನಿಲ್ಲಿಸಿದ್ದರು, ಎರೆಯುವುದನ್ನು ನಿಲ್ಲಿಸಿರಲಿಲ್ಲ. ಆ ಓಣಿಯ ಕೂಸುಗಳೇ ಅವರಿದ್ದಲ್ಲಿಗೆ ಬರುತ್ತಿದ್ದವು. ನಾವಿಬ್ಬರೂ ಅವನ ಕಾರಿನಲ್ಲಿ ಹೋದೆವು. ಅಜ್ಜಿ ಬಾಗಿಲಲ್ಲೇ ನನ್ನ ಗದ್ದ ಹಿಡಿದು ನೋಡಿದರು.

"ಬರ್ರಿ, ಒಳಗ ಬರ್ರಿ. ಕೂಡ್ರಿ. ಮಗಳು ಎಷ್ಟನೇತ್ತ?"

"ಐದನೇತ್ತ, ಅಜ್ಜಿ."

ಚಹಾ ಕುಡಿಯುತ್ತ ವಿಷಯ ಹೇಳಿದೆ. ಸಿನಿಮಾ ಎಂದಾಗ ಅವರು ತಲೆಯಾಡಿಸಿದರು. ಲಾರಿ ಎಂದಾಗ ಲೋಟ ಕೆಳಗಿಟ್ಟರು.

"ಏನಂದಿ? ಲಾರಿಗೆ ಎರಿತಾನ?"

"ಹೂಂ ಅಜ್ಜಿ. ಹೊಳಿದಂಡೀಲಿ."

ಅಜ್ಜಿ ನಗತೊಡಗಿದರು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣೊರೆಸಿಕೊಂಡು ನಕ್ಕರು. ಒಳಗಿನಿಂದ ಅವರ ಮಗಳೂ ಬಂದು ನಗುವಿಗೆ ಸೇರಿದರು. ಇವನು ಪಾಪ, ಹಾಡು ಕೈತಪ್ಪಿತೆಂದು ಮುಖ ಸಣ್ಣದು ಮಾಡಿಕೊಂಡು ಕೂತಿದ್ದ.

"ಎರಿಲಿ ಬಿಡವ್ವ," ಎಂದರು ಅಜ್ಜಿ ನಗು ನಿಂತ ಮೇಲೆ. "ಅವನಿಗೆ ಅನ್ನ ಹಾಕೋದಲ್ಲೇನು ಅದು. ಎಣ್ಣಿ ಹಚ್ಚಿ ಎರೆದ್ರೆ ತಪ್ಪೇನೈತೆ?"

ಅವನು ಬ್ಯಾಗಿನಿಂದ ಸಣ್ಣ ರೆಕಾರ್ಡರ್ ತೆಗೆದು ಅವರ ಮುಂದಿಟ್ಟ. "ಅಜ್ಜಿ, ಒಂದ್ಸಲ ಹಾಡಿ ತೋರಿಸ್ರಿ."

ಅಜ್ಜಿ ಕಾಲು ಚಾಚಿದರು. ಗಂಟಲು ಸರಿಮಾಡಿಕೊಂಡರು. ಮೊದಲ ಸಾಲು ಹಿಡಿದವರು ಅರ್ಧಕ್ಕೇ ನಿಲ್ಲಿಸಿ ತಮ್ಮ ಕೈ ನೋಡಿಕೊಂಡರು. ಮತ್ತೆ ಹಿಡಿದರು, ಮತ್ತೆ ತಪ್ಪಿತು. ಮಗಳು ಒಂದು ದಿಂಬು ತಂದು ಅವರ ಕಾಲ ಮೇಲಿಟ್ಟರು. ಅಜ್ಜಿ ದಿಂಬನ್ನು ಪಕ್ಕಕ್ಕೆ ಸರಿಸಿದರು.

"ಕೂಸಿಲ್ದ ಹೆಂಗ ಹಾಡ್ಲಿ? ಕೈಗೆ ಎಣ್ಣಿ ಇಲ್ಲ, ಕಾಲಮ್ಯಾಲೆ ಕೂಸಿಲ್ಲ. ನಾಳಿ ಬರ್ರಿ. ಮೂಲಿಮನಿ ಕೂಸಿಗೆ ಎರಿಯೋದೈತೆ, ಅವಾಗ ಹಿಡ್ಕಳ್ರಿ."

ಮರುದಿನ ಬೆಳಗ್ಗೆ ಶಾಲೆಗೆ ರಜೆ ಹಾಕಿ ಮತ್ತೆ ಹರಿಹರಕ್ಕೆ ಹೋದೆವು. ಮೂಲೆಮನೆಯ ಬಾಣಂತಿಗೆ, ಅವಳ ತಾಯಿಗೆ ಅಜ್ಜಿಯೇ ಎಲ್ಲ ಹೇಳಿ ಒಪ್ಪಿಸಿದ್ದರು. ಬಚ್ಚಲಿನ ಕಿಟಕಿಯಲ್ಲಿ ರೆಕಾರ್ಡರ್ ಇಟ್ಟೆವು. ನಾನು ಒಳಗೆ ಅಜ್ಜಿಗೆ ನೀರು ತೋಡಿಕೊಡಲು ನಿಂತೆ. ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತ. ಬಾಣಂತಿ ಅವನನ್ನು ಕೇಳಿದಳಂತೆ, "ನಮ್ಮ ಕೂಸು ಅಳೋದು ಸಿನಿಮಾದಾಗ ಬರ್ತೈತಾ ಸರ್?" ಆ ಕೂಸು ಅಳಲೇ ಇಲ್ಲ. ಅಜ್ಜಿಯ ಕೈ ಬಿದ್ದ ಮೇಲೆ ಹಾಡೂ ಕೆಲಸವೂ ಒಂದೇ ಆಗಿ ನಡೆದುಹೋದವು. ಕೈಗೆ ಎಣ್ಣೆ ಎಂದಾಗ ಕೈ, ಕಾಲಿಗೆ ಎಂದಾಗ ಕಾಲು. ನಾಲ್ಕು ಚೊಂಬು ನೀರಿಗೆ ನಾಲ್ಕು ಸಲ ಹಾಡು ನಿಂತಿತು.

ವಾಪಸ್ ಬರುವಾಗ ಕಾರಿನಲ್ಲಿ ಅವನು ತಲೆ ಕೆಡಿಸಿಕೊಂಡಿದ್ದ.

"ಐದೇ ಸ್ವರ, ಅಕ್ಕ. ಐದೂ ಒಂದರ ಪಕ್ಕ ಒಂದು ಕುಂತಾವೆ. ಅದೇನು ಕಷ್ಟ ಇಲ್ಲ. ಆದ್ರೆ ಆ ಗ್ಯಾಪ್ ಇದೆಯಲ್ಲ, ಅದು ನಾಲ್ಕೂ ಸಲ ಬೇರೆ ಬೇರೆ ಉದ್ದ ಐತೆ. ತಾಳಕ್ಕೆ ಹೆಂಗೆ ಕೂಡ್ರಿಸಲಿ?"

"ಚೊಂಬಲ್ಲಿ ನೀರು ಎಷ್ಟಿರುತ್ತೋ ಅಷ್ಟುದ್ದ," ಎಂದೆ.

ಮೊದಲ ಸಲ ಮಾಡಿ ಕಳಿಸಿದ ಹಾಡಿನಲ್ಲಿ ಅವನು ಆ ಜಾಗವನ್ನು ತೆಗೆದೇಬಿಟ್ಟಿದ್ದ. ತಾಳ ಎಲ್ಲೂ ತಪ್ಪದೆ ಓಡುತ್ತಿತ್ತು. ಕೇಳಲು ಚೆನ್ನಾಗಿತ್ತು, ಆರತಕ್ಷತೆಯಲ್ಲಿ ಹಾಡಿದ್ದರೆ ಜನ ಕುಣಿಯುತ್ತಿದ್ದರು. ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಸ್ಸು ಹಿಡಿದು ಹೋಗಿ ಅಜ್ಜಿಗೆ ಕೇಳಿಸಿದೆ. ಫೋನನ್ನು ಕಿವಿಗೆ ಒತ್ತಿಕೊಂಡು ಪೂರ್ತಿ ಕೇಳಿದರು.

"ಛಲೋ ಐತೆ. ಆದ್ರೆ ಇದರಾಗ ಹೊಳಿ ಎಲ್ಲೈತೆ?"

ಅದನ್ನೇ ಅವನಿಗೆ ಹೇಳಿದೆ. ಎರಡನೆಯ ಸಲ ಜಾಗ ಬಿಟ್ಟು, ಅಲ್ಲಿ ಕೊಳಲು ತುಂಬಿದ. ಬಹಳ ಇಂಪಾಗಿತ್ತು. ನನಗೆ ಒಪ್ಪಿಗೆಯಾಗಿತ್ತು ಎಂದೇ ಹೇಳಬೇಕು. ಅಜ್ಜಿ ಕೇಳಿ ಹುಬ್ಬು ಗಂಟಿಕ್ಕಿದರು.

"ನೀರು ಬೀಳೋವಾಗ ಯಾರವ್ವ ಊದ್ತಾರ? ಕೂಸು ಬಾಯಿ ತೆಗಿತೈತಲ್ಲ."

"ಅಜ್ಜಿ, ಇಲ್ಲಿ ಕೂಸಿಲ್ಲ. ಲಾರಿ."

"ಲಾರಿಗೆ ಗೊತ್ತಾಗಂಗಿಲ್ಲ, ಖರೆ. ಕೇಳೋರಿಗೆ ಗೊತ್ತಾಗ್ತೈತಲ್ಲ," ಎಂದರು.

ಈ ಮಾತನ್ನು ನಾನು ಫೋನಿನಲ್ಲಿ ಹೇಳಿದಾಗ ಅವನು, "ಬಾ ಅಕ್ಕ, ಟ್ರ್ಯಾಕ್ ನೀನೇ ಹಾಡು," ಎಂದ. ಟ್ರ್ಯಾಕ್ ಎಂದರೆ ಸಿನಿಮಾದ ಗಾಯಕರಿಗೆ ಧಾಟಿ ತಿಳಿಯಲೆಂದು ಮೊದಲು ಇನ್ನೊಬ್ಬರು ಹಾಡಿ ಕೊಡುವುದು. ದಾವಣಗೆರೆಯಲ್ಲೇ ಅವನ ಗೆಳೆಯನೊಬ್ಬನ ಚಿಕ್ಕ ಸ್ಟುಡಿಯೋ ಇತ್ತು. ಹಾಡುವವರ ಹೆಡ್‌ಫೋನಿನಲ್ಲಿ ಬರುವ ತಾಳದ ಟಿಕ್ ಟಿಕ್ ಸದ್ದನ್ನು ಅವನು ಅಂದು ನನ್ನ ಕಿವಿಯಿಂದ ತೆಗೆದ. "ನಿನಗೆ ಸಾಕು ಅನ್ಸೋವಷ್ಟು ನಿಲ್ಲಿಸು. ವಾದ್ಯಗಳನ್ನ ನಾನು ಆಮೇಲೆ ಕೂಡಿಸ್ತೀನಿ," ಎಂದ. ನಾನು ಕಣ್ಣು ಮುಚ್ಚಿ ಅಮ್ಮನ ಮನೆಯ ಬಚ್ಚಲನ್ನು ನೆನೆದು ಹಾಡಿದೆ. ನಿಲ್ಲಿಸಿದಲ್ಲೆಲ್ಲ ನಾನೂ ಉಸಿರು ಹಿಡಿಯುತ್ತಿದ್ದೆ.

ಆ ಖಾಲಿ ಜಾಗದಲ್ಲಿ ಅವನು ಯಾವ ವಾದ್ಯವನ್ನೂ ಹಾಕಲಿಲ್ಲ. ಮೂಲೆಮನೆಯ ಬಚ್ಚಲಿನಲ್ಲಿ ಹಿಡಿದಿದ್ದ ನೀರಿನ ಸದ್ದನ್ನೇ ಇಟ್ಟ. ಹಾಡಿನ ಶುರುವಿಗೆ ಅಜ್ಜಿಯ ಧ್ವನಿಯಲ್ಲೇ ಒಂದು ಸಾಲು ಬಂತು, ಆಮೇಲೆ ಗಾಯಕರ ಧ್ವನಿ. ಡೈರೆಕ್ಟರ್ ಮೊದಲು ಹೆದರಿದರಂತೆ. ಥಿಯೇಟರಿನಲ್ಲಿ ಹಾಡು ನಡುವೆ ನಿಂತರೆ ಜನ ಸೌಂಡ್ ಹೋಯಿತೆಂದು ಶಿಳ್ಳೆ ಹೊಡೆಯುತ್ತಾರೆ ಎಂದರಂತೆ. ಹಾಡು ಮೂರು ಕಡೆ ನಿಲ್ಲುತ್ತಿತ್ತು, ಕೊನೆಗೆ ಎರಡು ಕಡೆ ಉಳಿಸಲು ಒಪ್ಪಿದರು. ಮೂರನೆಯದು ಸೀನಿನ ಉದ್ದಕ್ಕೆ ಹೊಂದದೆ ಕತ್ತರಿಸಿಹೋಯಿತು.

ಹಾಡು ಬರೆಯುವವರು ಹಳೆಯ ಮಾತುಗಳನ್ನು ಹಾಗೇ ಬಿಡಲಿಲ್ಲ, ಪೂರ್ತಿ ಅಳಿಸಲೂ ಇಲ್ಲ. ಕೈಯೆಣ್ಣಿ ಹೋಗಿ ಗಾಲಿಯೆಣ್ಣಿ ಗಾಲಿಗಿರಲಿ ಎಂದಾಯಿತು. ಹೊಳಿ ಬಂತು ಹಾಗೇ ಉಳಿಯಿತು. ಅವರಿಗೊಂದು ಅನುಮಾನ ಉಳಿದಿತ್ತು. ಲಾರಿಗೆ ಮುಚ್ಚವ್ವ ಎನ್ನಬೇಕೋ, ಮುಚ್ಚಪ್ಪ ಎನ್ನಬೇಕೋ? ನನ್ನ ಮೂಲಕ ಅದೂ ಅಜ್ಜಿಯ ತನಕ ಹೋಯಿತು.

"ಅನ್ನ ಹಾಕೋದು ಹೆಣ್ಣೇ ಇರ್ತೈತೆ. ಮುಚ್ಚವ್ವ ಅನ್ನು," ಎಂದರು.

ಸಿನಿಮಾ ಮುಗಿಯುವ ಹೊತ್ತಿಗೆ ಹೆಸರಿನ ಪ್ರಶ್ನೆ ಬಂತು. ಅಜ್ಜಿಗೆ ಗೌರವಧನವನ್ನು ಅವನೇ ಕೈಗೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ ಹೋಗಿದ್ದ. ಈಗ ಪರದೆಯ ಮೇಲೆ ಹಾಕಲು ಅಜ್ಜಿಯ ಪೂರ್ತಿ ಹೆಸರು ಬೇಕೆಂದ. ನಾನು ಕೇಳಲು ಹೋದಾಗ ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಒಂದು ಹಿಡಿ ಎತ್ತಿಕೊಂಡು ಕೂತೆ.

"ನನ್ನ ಹೆಸರು ಯಾಕ? ಹಾಡು ನಂದಲ್ಲ," ಎಂದರು.

"ಮತ್ತೆ ಯಾರದಜ್ಜಿ?"

"ನಮ್ಮತ್ತಿದು. ಆಕಿ ಉಕ್ಕಡಗಾತ್ರಿ ಕಡೆ ಹೊಳಿಸಾಲಿನಾಕಿ. ಆಕಿಗೆ ಯಾರು ಹೇಳಿಕೊಟ್ರೋ ನನಗ ಗೊತ್ತಿಲ್ಲ."

ಅತ್ತೆಯ ವಿಷಯವನ್ನು ಅಜ್ಜಿ ಅದುವರೆಗೆ ಎಂದೂ ಎತ್ತಿರಲಿಲ್ಲ. ಕಾಯಿ ಬಿಡಿಸುವುದನ್ನು ನಿಲ್ಲಿಸದೆ ಹೇಳಿದರು.

"ಭಾಳ ಬಿರುಸು ಆಕಿ. ಹದಿನೆಂಟು ವರ್ಷ ಒಂದೇ ಮನಿಯಾಗಿದ್ವಿ. ಒಂದು ದಿನಾನೂ ನನಗ ಛಲೋ ಮಾತು ಆಡ್ಲಿಲ್ಲ. ನಾನೂ ಏನು ಕಡಿಮಿ ಇರ್ಲಿಲ್ಲ ಬಿಡು. ನನ್ನ ಚೊಚ್ಚಲ ಕೂಸಿಗೆ ಎರಿಬೇಕಾರೆ ನನ್ನ ಬಚ್ಚಲ ಕಲ್ಲಿಗೆ ಕೂಡ್ರಿಸಿ, ಎದುರಿಗೆ ಕುಂತು, ಹಾಡು ಹೇಳಿಕೊಟ್ಲು. ತಪ್ಪಿದ್ರೆ ಬಯ್ಯಾಳು. ಆದ್ರ ಬರೋಮಟ ಬಿಡ್ಲಿಲ್ಲ ನೋಡು. ಮೂರು ತಿಂಗಳು ದಿನಾ ಎದುರಿಗೆ ಕುಂತ್ಲು."

"ಹಂಗಾದ್ರೆ ಅವರ ಹೆಸರೂ ಹಾಕೋಣ," ಎಂದೆ.

ಅಜ್ಜಿ ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿದರು. "ಆಕಿದು ಮೊದ್ಲು ಹಾಕ್ರಿ. ನಂದು ಆಮ್ಯಾಲೆ."

ಆದರೆ ಅತ್ತೆಯ ಹೆಸರನ್ನು ಅಜ್ಜಿ ಬಾಯಿಬಿಟ್ಟು ಹೇಳುವವರಲ್ಲ. ಬದುಕಿನುದ್ದಕ್ಕೂ ಹೇಳಿದವರಲ್ಲ. ಸತ್ತು ಎಷ್ಟು ವರ್ಷವಾದರೇನು, ನಾಲಿಗೆ ತಿರುಗಲಿಲ್ಲ. ಮಗಳನ್ನು ಕರೆದು, "ನಿಮ್ಮಜ್ಜಿ ಹೆಸರು ಹೇಳು ಇವಳಿಗೆ," ಎಂದು ಮುಖ ಆಚೆ ತಿರುಗಿಸಿ ಕೂತರು. ಮಗಳು ಹೇಳಿದರು, ನಾನು ಬರೆದುಕೊಂಡೆ. ಸರಿಯಾಗಿದೆಯೇ ಎಂದು ಓದಿ ಹೇಳಿದಾಗ ಅಜ್ಜಿ ತಲೆಯ ಮೇಲಿನ ಸೆರಗು ಎಳೆದುಕೊಂಡು ಹೂಂ ಎಂದರು.

ಸಿನಿಮಾ ಬಂದ ಎರಡನೆಯ ದಿನ ದಾವಣಗೆರೆಯ ಥಿಯೇಟರಿನಲ್ಲಿ ಮ್ಯಾಟಿನಿಗೆ ಹೋದೆವು. ಅಜ್ಜಿ, ಅವರ ಮಗಳು, ನಮ್ಮಮ್ಮ, ನಾನು, ನನ್ನ ಮಗಳು. ಥಿಯೇಟರು ಅರ್ಧ ತುಂಬಿತ್ತು, ಅಷ್ಟೇ. ಅಜ್ಜಿ ಚಪ್ಪಲಿ ಬಿಟ್ಟು ಕಾಲು ಮಡಚಿ ಸೀಟಿನ ಮೇಲೆ ಕೂತರು. ಕತೆಯಲ್ಲಿ ಲಾರಿಯ ಮೇಲೆ ಕಲ್ಲು ಬಿದ್ದಾಗ ಹೀರೋಗಿಂತ ಹೆಚ್ಚು ನೊಂದುಕೊಂಡರು.

ಹೊಳೆಯ ಸೀನು ಬಂತು. ಕತ್ತಲಿನಲ್ಲಿ ಅವರದೇ ಧ್ವನಿ ಕೇಳಿದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಹೀರೋ ಗಾಜಿಗೆ ನೀರೆರಚುವ ಮೊದಲು ಹಾಡು ನಿಂತಿತು. ಯಾರೂ ಶಿಳ್ಳೆ ಹೊಡೆಯಲಿಲ್ಲ. ನೀರಿನ ಸದ್ದು ಇಡೀ ಥಿಯೇಟರನ್ನು ತುಂಬಿಕೊಂಡಿತು. ನನ್ನ ಪಕ್ಕದಲ್ಲಿ ಕೂತ ಮಗಳು ಗಪ್ಪನೆ ಬಾಯಿ ಮುಚ್ಚಿ ಕಣ್ಣು ಬಿಗಿಹಿಡಿದದ್ದನ್ನು ನೋಡಿದೆ. ಅವಳಿಗೆ ನಾನು ಆ ಹಾಡು ಹಾಡಿದ್ದು ನೆನಪಿರಲು ಸಾಧ್ಯವಿಲ್ಲ. ಪರದೆಯ ಬೆಳಕು ಕಣ್ಣಿಗೆ ಹೊಡೆದದ್ದೂ ಇರಬಹುದು. ನಾನು ಕೇಳಲಿಲ್ಲ.

ಕೊನೆಗೆ ಹೆಸರುಗಳು ಬರತೊಡಗಿದಾಗ ಜನ ಎದ್ದು ಹೊರಟಿದ್ದರು. ನಾವು ಐದು ಜನ ಕೂತೇ ಇದ್ದೆವು. ಹೆಸರುಗಳು ಸರಸರನೆ ಮೇಲೇರುತ್ತಿದ್ದವು. ಅಜ್ಜಿಗೆ ಓದಲು ಬಾರದು. ನನ್ನ ಮಗಳು ಎದ್ದು ನಿಂತು ಕಾದಳು, ಬಂದ ಕೂಡಲೇ ಎರಡೂ ಹೆಸರನ್ನು ಗಟ್ಟಿಯಾಗಿ ಓದಿದಳು. ಮೊದಲು ಅತ್ತೆ, ಆಮೇಲೆ ಸೊಸೆ.

ಅಜ್ಜಿ ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತು, "ಮೂರನೇದಕ್ಕ ನೀರು ಹಾಕ್ಲಿಲ್ಲ ಅವ್ರು," ಎಂದರು. ಹೌದು ಎಂದೆ. "ಇರ್ಲಿ ಬಿಡು. ಎರಡು ಚೊಂಬಿಗೂ ಮೈ ತೊಳಿತೈತೆ," ಎಂದು ಅಮ್ಮನ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲಿಳಿದರು. ಮಂಡಕ್ಕಿ ಮಿರ್ಚಿ ತಿಂದು ಅವರನ್ನು ಹರಿಹರದ ಬಸ್ಸು ಹತ್ತಿಸಿದೆವು. ಬಸ್ಸಿನ ಕಿಟಕಿಯಿಂದ ಅವರು ನನ್ನ ಕಡೆ ಬಗ್ಗಿ, "ನಮ್ಮತ್ತಿ ಹೆಸರು ಅಷ್ಟು ಮಂದಿ ಮುಂದ ಬಂತಲ್ಲ," ಎಂದರು. "ಆಕಿ ಇದ್ದಿದ್ರ ಇದಕ್ಕೂ ಬಯ್ತಿದ್ಲು."

ಆ ಸಿನಿಮಾ ಹೆಚ್ಚು ದಿನ ಓಡಲಿಲ್ಲ. ಹಾಡು ಮಾತ್ರ ನಿಂತಿತು. ಮದುವೆಗಳಲ್ಲಿ ಕೇಳಿ ಹಾಡಿಸುತ್ತಾರೆ. ಒಂದೆರಡು ಕಡೆ ನಾನು ವೇದಿಕೆ ಇಳಿದಾಗ ವಯಸ್ಸಾದ ಹೆಂಗಸರು ಬಂದು, ನಮ್ಮನೆಯಲ್ಲಿ ಇದನ್ನು ಬೇರೆ ಥರ ಹೇಳುತ್ತಿದ್ದರು ಎಂದು ತಮ್ಮ ಸಾಲು ಹೇಳಿದ್ದಾರೆ. ಒಬ್ಬರ ಹಾಡಿನಲ್ಲಿ ಹೊಳೆಯ ಬದಲು ಮಳೆ ಬರುತ್ತದೆ. ಇನ್ನೊಬ್ಬರಲ್ಲಿ ಮಾವ ಬರುತ್ತಾನೆ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಅವು ನನ್ನವಲ್ಲ, ನನಗೆ ಕೊಟ್ಟಿದ್ದಾರೆ, ಅಷ್ಟೇ. ನನ್ನ ಬದುಕಿನ ಅತಿ ಕೆಟ್ಟ ತಿಂಗಳುಗಳಲ್ಲಿ, ನಾನು ಯಾರೆಂದೂ ಸರಿಯಾಗಿ ಗೊತ್ತಿಲ್ಲದ ಒಬ್ಬ ಹೆಂಗಸು ತನ್ನ ಮೂರನೇ ಮನೆಗೆ ತಡವಾದರೂ ಚಿಂತೆ ಮಾಡದೆ ನನ್ನೆದುರು ಕುಕ್ಕರಗಾಲಿನಲ್ಲಿ ಕೂತಿದ್ದಳು. ಅದಕ್ಕೂ ಎಷ್ಟೋ ವರ್ಷ ಮೊದಲು ಅವಳೆದುರು ಇನ್ನೊಬ್ಬಳು ಕೂತಿದ್ದಳು. ಅದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತಾನಾಗಿ ಕೈಮುಗಿಯುತ್ತದೆ.

ಕಳೆದ ತಿಂಗಳು ನಮ್ಮ ಪಕ್ಕದ ರಸ್ತೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ನನ್ನ ಹಳೇ ವಿದ್ಯಾರ್ಥಿನಿ, ಈಗ ಬಾಣಂತಿ.

"ಮಿಸ್, ಕೂಸಿಗೆ ಎರಿಯೋರು ಯಾರೂ ಸಿಗ್ತಾ ಇಲ್ಲ. ಅಮ್ಮಂಗೆ ಕೈ ನಡುಗ್ತೈತೆ. ನಂಗೆ ಮುಟ್ಟಾಕೇ ಭಯ. ನಿಮಗೆ ಗೊತ್ತೈತೆ ಅಂತ ಅಮ್ಮ ಹೇಳಿದ್ಲು."

ಬರುತ್ತೇನೆ ಎಂದುಬಿಟ್ಟೆ. ಬೇರೆಯವರ ಕೂಸಿಗೆ ನಾನು ಎಂದೂ ಎರೆದವಳಲ್ಲ. ಅಜ್ಜಿಗೆ ಫೋನ್ ಮಾಡಿದೆ.

"ಹೋಗು," ಎಂದರು ಒಂದೇ ಮಾತಿನಲ್ಲಿ. "ನೀರು ಮೊದ್ಲು ನಿನ್ನ ಮೊಣಕೈಗೆ ಹಾಕ್ಕೊಂಡು ನೋಡು. ಬಾಣಂತಿನ ಪಕ್ಕದಾಗ ಕೂಡ್ರಿಸ್ಕ, ಒಳಗ ಮಲಗಾಕ ಬಿಡಬ್ಯಾಡ."

"ಆಯ್ತಜ್ಜಿ."

"ಮತ್ತ ಕೈಯಾಗಿನ ಬಳಿ ತೆಗದಿಟ್ಟು ಹೋಗು. ಕೂಸಿನ ಮೈ ಗೀರ್ತಾವ."

ಬಳೆ ಬಿಚ್ಚಿ ಟೇಬಲ್ಲಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೆ.